ಎರಡು ಆಸನಗಳ ನಡುವಣ ಸ್ಥಳ

ಮನುಷ್ಯನ ನಡತೆಯು ದೊಡ್ಡ ಸಂದರ್ಭಗಳಲ್ಲಿ ಪರೀಕ್ಷೆಗೆ ಒಳಗಾಗುವುದು ಅಪರೂಪ. ಸಣ್ಣ ಸಂದರ್ಭಗಳಲ್ಲಾದರೋ ಅದು ಪ್ರತಿದಿನವೂ ಪರೀಕ್ಷಿಸಲ್ಪಡುತ್ತದೆ. ನಾಲ್ಕು ಇಂಚು ಸ್ಥಳಕ್ಕಾಗಿ ವಿದ್ಯಾವಂತರೂ ವಯೋವೃದ್ಧರೂ ಪರಸ್ಪರ ಕಠೋರವಾಗಿ ನುಡಿಯುವುದನ್ನು ಕಾಣಬೇಕಾದರೆ ರಾತ್ರಿಯ ಬಸ್ಸಿನಲ್ಲಿಯೋ ವಿಮಾನದಲ್ಲಿಯೋ ಪ್ರಯಾಣ ಮಾಡಿದರೆ ಸಾಕು. ಮುಂದಿನವನು ತನ್ನ ಆಸನದ ಬೆನ್ನನ್ನು ಹಿಂದಕ್ಕೆ ಒರಗಿಸುತ್ತಾನೆ. ಅದು ಹಿಂದಿನವನ ಮೊಣಕಾಲಿಗೆ ತಾಗುತ್ತದೆ. ಅಲ್ಲಿಂದ ಕಲಹವು ಹುಟ್ಟುತ್ತದೆ. ಈ ಕಲಹದಲ್ಲಿ ನ್ಯಾಯವು ಯಾರ ಕಡೆಗಿದೆ ಎಂಬುದನ್ನು ಶಾಸ್ತ್ರಕ್ರಮದಂತೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಪ್ರಯೋಜನ ಎಂಬ ಐದು ಅಂಗಗಳಲ್ಲಿ ಇಲ್ಲಿ ವಿವೇಚಿಸಲಾಗಿದೆ.

ವಿಷಯ

ಬಸವಕಲ್ಯಾಣ, ಹುಮನಾಬಾದುಗಳಿಂದ ಬೆಂಗಳೂರಿಗೆ ಆರುನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಓದಿಗಾಗಿ ಹೋಗುವ ತರುಣರು, ಕೂಲಿಗಾಗಿ ಹೋಗುವ ಸಂಸಾರಗಳು, ಚಿಕಿತ್ಸೆಗಾಗಿ ಹೋಗುವ ರೋಗಿಗಳು ಸಂಜೆ ಬಸ್ಸು ಹತ್ತಿದರೆ ಇಡೀ ರಾತ್ರಿಯನ್ನು ಅದರಲ್ಲಿಯೇ ಕಳೆಯಬೇಕು. ರಾಜಹಂಸ ಮೊದಲಾದ ಬಸ್ಸುಗಳಲ್ಲಿ ಪುಷ್‌ಬ್ಯಾಕ್ ಸೀಟು ಎಂದು ಜನರು ಕರೆಯುವ ಆಸನಗಳಿರುತ್ತವೆ. ಪಕ್ಕದ ಹಿಡಿಯನ್ನು ಎಳೆದರೆ ಬೆನ್ನು ಹಿಂದಕ್ಕೆ ಬಾಗುತ್ತದೆ. 2020ರ ಫೆಬ್ರವರಿ 7ರಂದು ಬೀದರಿನಲ್ಲಿ ನಾಗರಿಕ ವಿಮಾನ ನಿಲ್ದಾಣವು ಉದ್ಘಾಟನೆಗೊಂಡ ಮೇಲೆ ಈ ಸೀಮೆಯ ಜನರಿಗೆ ವಿಮಾನದ ಆಸನವೂ ಅಪರಿಚಿತವಲ್ಲ.

ಹಿಂದಿನ ದಶಕಗಳ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯ ಒಂದು ಆಸನಕ್ಕೂ ಮುಂದಿನ ಆಸನಕ್ಕೂ ಸುಮಾರು 34–35 ಇಂಚು ಅಂತರವಿರುತ್ತಿತ್ತು. ಈಗ ಅನೇಕ ವಿಮಾನಗಳಲ್ಲಿ ಅದು 28ರಿಂದ 31 ಇಂಚಿಗೆ ಇಳಿದಿದೆ. ಸಾಲುಗಳು ಹೆಚ್ಚಿದಂತೆ ಟಿಕೆಟುಗಳೂ ಹೆಚ್ಚುತ್ತವೆ. ಅಂತರವು ಕುಗ್ಗಿತು, ಮನುಷ್ಯನ ಕಾಲುಗಳು ಮಾತ್ರ ಕುಗ್ಗಲಿಲ್ಲ.

ಸಂಶಯ

ಹುಮನಾಬಾದಿನಿಂದ ಹೊರಟ ರಾತ್ರಿಯ ಬಸ್ಸೊಂದನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬಹುದು. ಮುಂದಿನ ಆಸನದಲ್ಲಿ ಬೆನ್ನುನೋವಿನ ಮುದುಕರೊಬ್ಬರು. ನೆಟ್ಟಗೆ ಕುಳಿತು ರಾತ್ರಿ ಕಳೆಯುವುದು ಅವರಿಂದ ಆಗದು. ಅವರ ಹಿಂದೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿಯೊಬ್ಬಳು. ಇಬ್ಬರೂ ಸಮನಾದ ಹಣ ತೆತ್ತಿದ್ದಾರೆ. ಇಬ್ಬರ ಕಷ್ಟವೂ ನಿಜವಾದದ್ದೇ. ಹೀಗಿರಲಾಗಿ ಇಬ್ಬರ ನಡುವಣ ಆ ನಾಲ್ಕು ಇಂಚು ಯಾರದು? ಇದೇ ಸಂಶಯ.

ಪೂರ್ವಪಕ್ಷ

ಇಲ್ಲಿ ಪೂರ್ವಪಕ್ಷಗಳು ಎರಡು. ಒರಗುವವನು ಹೇಳುವುದೇನೆಂದರೆ: ‘ಆಸನವು ನನ್ನದು. ಒರಗುವುದಕ್ಕೆಂದೇ ಹಿಡಿಯನ್ನು ಇಟ್ಟಿದ್ದಾರೆ. ಬೇಡವೆಂದಿದ್ದರೆ ಇಡುತ್ತಿರಲಿಲ್ಲ. ಇಷ್ಟಕ್ಕೂ ಹಿಂದಿನವನೂ ತನ್ನ ಆಸನವನ್ನು ಒರಗಿಸಿಕೊಳ್ಳಲಿ. ಎಲ್ಲರೂ ಒರಗಿದರೆ ಯಾರಿಗೂ ನಷ್ಟವಿಲ್ಲ.’ ಹಿಂದಿನವನು ಹೇಳುವುದು: ‘ನನ್ನ ಮೊಣಕಾಲಿನ ಮುಂದಿನ ಸ್ಥಳಕ್ಕೂ ಸೇರಿಸಿಯೇ ನಾನು ಹಣ ಕೊಟ್ಟಿದ್ದೇನೆ. ನನ್ನನ್ನು ಕೇಳದೆ ಅದನ್ನು ತೆಗೆದುಕೊಳ್ಳುವುದು ಅಪಹರಣವೇ ಸರಿ.’

ಎರಡು ವಾದಗಳೂ ಮೇಲ್ನೋಟಕ್ಕೆ ಯುಕ್ತವಾಗಿಯೇ ಕಾಣುತ್ತವೆ. ಆದರೆ ‘ಎಲ್ಲರೂ ಒರಗಲಿ’ ಎಂಬ ಯುಕ್ತಿಯು ಪೂರ್ಣವಾಗಿ ನಿಲ್ಲುವುದಿಲ್ಲ. ಕೊನೆಯ ಸಾಲಿನ ಹಿಂದೆ ಗೋಡೆಯಿದ್ದರೆ ಆ ಸಾಲಿನವರು ಒರಗಲಾರರು. ಮುಂದೆ ಕಳೆದುಕೊಂಡುದನ್ನು ಅವರು ಹಿಂದೆ ಪಡೆಯುವಂತಿಲ್ಲ. ಎತ್ತರದ ಆಳು ತಾನು ಒರಗಿದರೂ ಅವನ ಮೊಣಕಾಲು ಇದ್ದಲ್ಲಿಯೇ ಇರುತ್ತದೆ. ತೊಡೆಯ ಮೇಲಿನ ಮಗುವಿಗಂತೂ ಅದರಿಂದ ಏನೂ ದೊರೆಯದು.

ಸಿದ್ಧಾಂತ

ಈ ವಿಷಯದಲ್ಲಿ ಅಮೆರಿಕದ ಕಾನೂನು ಪ್ರಾಧ್ಯಾಪಕರಾದ ಕ್ರಿಸ್ಟೋಫರ್ ಬುಕಾಫುಸ್ಕೋ ಮತ್ತು ಕ್ರಿಸ್ಟೋಫರ್ ಸ್ಪ್ರಿಗ್‌ಮನ್ ಎಂಬವರು 2014ರಲ್ಲಿ ನಡೆಸಿದ ಒಂದು ಪರೀಕ್ಷೆಯು ಗಮನಾರ್ಹವಾಗಿದೆ. ಒರಗುವ ಹಕ್ಕು ಮುಂದಿನವನದೆಂದು ಇಟ್ಟುಕೊಂಡು ಅವರು ಮೊದಲು ಜನರನ್ನು ವಿಚಾರಿಸಿದರು. ಒರಗದೆ ಇರಲು ಮುಂದಿನವರು ಸರಾಸರಿ 41 ಡಾಲರು ಕೇಳಿದರು. ಹಿಂದಿನವರು ಕೊಡಲೊಪ್ಪಿದ್ದು 18 ಡಾಲರು ಮಾತ್ರ. ಅನಂತರ ಆ ಸ್ಥಳವು ಹಿಂದಿನವನದೆಂದು ನಿಯಮವನ್ನು ತಿರುಗಿಸಿ ಕೇಳಿದರು. ಆಗ ಹಿಂದಿನವರು ಅದನ್ನು ಬಿಟ್ಟುಕೊಡಲು ಸುಮಾರು 39 ಡಾಲರು ಬೇಕೆಂದರು. ಮುಂದಿನವರು ಕೊಡಲೊಪ್ಪಿದ್ದು ಸುಮಾರು 12 ಡಾಲರು.

ಇದರಿಂದ ಸ್ಪಷ್ಟವಾಗುವುದೇನು? ಸ್ಥಳವು ಅದೇ, ಮೊಣಕಾಲೂ ಅದೇ, ಬೆನ್ನೂ ಅದೇ. ‘ಇದು ನನ್ನದು’ ಎಂಬ ಭಾವನೆಯು ಯಾರಲ್ಲಿ ಸೇರಿತೋ ಅವರಲ್ಲಿ ಅದರ ಬೆಲೆಯು ಏರಿತು. ಯಾರಿಂದ ತೊಲಗಿತೋ ಅವರಲ್ಲಿ ಇಳಿಯಿತು. ಮಮಕಾರವೆಂದು ಹಿರಿಯರು ಹೇಳುತ್ತ ಬಂದಿರುವುದು ಇದನ್ನೇ. ಕಲಹದ ಬೀಜವು ಇಕ್ಕಟ್ಟಿನಲ್ಲಿ ಎಷ್ಟು ಇದೆಯೋ ಈ ಭಾವನೆಯಲ್ಲಿಯೂ ಅಷ್ಟೇ ಇದೆ.

2014ರ ಆಗಸ್ಟ್ 24ರ ಘಟನೆಯು ಇದಕ್ಕೆ ನಿದರ್ಶನ. ಅಮೆರಿಕದ ನ್ಯೂಅರ್ಕಿನಿಂದ ಡೆನ್ವರಿಗೆ ಹೊರಟ ಯುನೈಟೆಡ್ ಸಂಸ್ಥೆಯ ವಿಮಾನದಲ್ಲಿ ಒಬ್ಬ ಪ್ರಯಾಣಿಕನು ಮುಂದಿನ ಆಸನವು ಒರಗದಂತೆ ತಡೆಯುವ ಸಣ್ಣ ಉಪಕರಣವೊಂದನ್ನು ಸಿಕ್ಕಿಸಿದನು. ಮುಂದಿನ ಮಹಿಳೆಯೊಡನೆ ವಾಗ್ವಾದ ಬೆಳೆದು, ಆಕೆ ಅವನ ಮೇಲೆ ನೀರೆರಚಿ, ಕಡೆಗೆ ವಿಮಾನವನ್ನು ಶಿಕಾಗೋದಲ್ಲಿ ಇಳಿಸಿ ಇಬ್ಬರನ್ನೂ ಹೊರಗೆ ಕಳುಹಿಸಬೇಕಾಯಿತು. ವಿಚಾರಣೀಯವಾದ ಅಂಶವೆಂದರೆ, ಅವರಿಬ್ಬರೂ ಕುಳಿತಿದ್ದುದು ಹೆಚ್ಚು ಹಣಕ್ಕೆ ಹೆಚ್ಚು ಸ್ಥಳ ಕೊಡುವ ಸಾಲುಗಳಲ್ಲಿ. ಸ್ಥಳವು ಹೆಚ್ಚಿದ ಮಾತ್ರಕ್ಕೆ ಜಗಳವು ತಪ್ಪಲಿಲ್ಲ.

ಆದುದರಿಂದ ಸಿದ್ಧಾಂತವಿದು. ಆ ಸ್ಥಳವು ಒಬ್ಬನ ಸ್ವತ್ತಲ್ಲ, ಇಬ್ಬರಿಗೂ ಸಾಧಾರಣವಾದುದು. ಹಿಡಿಯು ಕೊಡುವುದು ಸಾಮರ್ಥ್ಯವನ್ನು, ಸ್ವಾಮ್ಯವನ್ನಲ್ಲ. ಬಾವಿಗೆ ಹಗ್ಗವನ್ನು ತಂದವನು ನೀರು ಸೇದಬಲ್ಲನಲ್ಲದೆ ಬಾವಿಯ ಒಡೆಯನಾಗಲಾರನು. ಇನ್ನು, ಇಬ್ಬರಲ್ಲಿ ಮೊದಲು ಮಾತನಾಡಬೇಕಾದವರು ಯಾರು? ಸಾಮರ್ಥ್ಯವು ಯಾರ ಕೈಯಲ್ಲಿದೆಯೋ ಅವರೇ. ಮುಂದಿನವನಿಗೆ ಹಿಡಿಯಿದೆ, ಹಿಂದಿನವನಿಗೆ ಅದನ್ನು ತಡೆಯುವ ಸಾಧನವಿಲ್ಲ. ಅಷ್ಟೇ ಅಲ್ಲ, ಮುಂದಿನವನ ಕಣ್ಣಿಗೆ ಹಿಂದೆ ಮಗುವಿರುವುದು ಕಾಣುವುದಿಲ್ಲ. ಕಾಣದಿರುವುದರಿಂದಲೇ ತಿರುಗಿ ನೋಡಿ ಕೇಳುವುದು ಕರ್ತವ್ಯವಾಗುತ್ತದೆ. ಕೇಳಿದ ಮೇಲೆ ಒಪ್ಪುವ ಕರ್ತವ್ಯವು ಹಿಂದಿನವನದು. ಬೆನ್ನುನೋವು ಇರುವವನಿಗೆ ಬರಿಯ ಹಟದಿಂದ ಬೇಡವೆನ್ನುವುದು ಕೇಳದೆ ಒರಗಿದುದಕ್ಕಿಂತ ಸಣ್ಣ ತಪ್ಪೇನೂ ಅಲ್ಲ.

ಇಲ್ಲೊಂದು ಆಕ್ಷೇಪವುಂಟು. ಅದೇ ಸ್ಥಳವನ್ನು ಒಬ್ಬನಿಗೆ ಒರಗುವುದಕ್ಕೆಂದೂ ಮತ್ತೊಬ್ಬನಿಗೆ ಕಾಲಿಡುವುದಕ್ಕೆಂದೂ ಮಾರಿದವರ ತಪ್ಪನ್ನು ಪ್ರಯಾಣಿಕರೇಕೆ ಹೊರಬೇಕು? ಈ ಆಕ್ಷೇಪವು ಸತ್ಯವಾದುದು. ಆ ದೂರನ್ನು ಮಾರಿದವರಿಗೇ ಮುಟ್ಟಿಸತಕ್ಕದ್ದು. ಆದರೆ ಅವರು ಆ ರಾತ್ರಿ ಬಸ್ಸಿನಲ್ಲಿರುವುದಿಲ್ಲ; ಇರುವವನು ತನ್ನಂತೆಯೇ ಇಕ್ಕಟ್ಟಿಗೆ ಸಿಕ್ಕಿದ ಮತ್ತೊಬ್ಬನು. ದೂರದವರ ಮೇಲಿನ ಕೋಪವನ್ನು ಹತ್ತಿರದವನ ಮೇಲೆ ತೀರಿಸಿಕೊಳ್ಳುವುದು ನ್ಯಾಯವಲ್ಲ.

ಪ್ರಯೋಜನ

ಸ್ಥಳವನ್ನು ಹಂಚಲಾಗದಿದ್ದಲ್ಲಿ ಕಾಲವನ್ನು ಹಂಚಬಹುದು. ಇದಕ್ಕೆ ರೈಲ್ವೆಯ ನಿಯಮವೇ ಮಾದರಿ. ನಡುವಣ ಬರ್ತನ್ನು ಎತ್ತಿ ಕಟ್ಟಿದರೆ ಕೆಳಗಿನವರು ನೆಟ್ಟಗೆ ಕೂರಲಾರರು. ಕಟ್ಟದಿದ್ದರೆ ನಡುವಿನವನು ಮಲಗಲಾರನು. ಈ ಜಗಳಗಳು ಹೆಚ್ಚಿದುದರಿಂದ 2017ರ ಆಗಸ್ಟಿನಲ್ಲಿ ರೈಲ್ವೆ ಮಂಡಳಿಯು ಮಲಗುವ ವೇಳೆಯನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಎಂದು ಗೊತ್ತುಪಡಿಸಿತು. ರೋಗಿಗಳಿಗೂ ಅಂಗವಿಕಲರಿಗೂ ಗರ್ಭಿಣಿಯರಿಗೂ ಸಹಕರಿಸಬೇಕೆಂದೂ ಸೂಚಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಬೀದರ–ಕಲಬುರಗಿ ಮಾರ್ಗವು ಉದ್ಘಾಟನೆಯಾಗಿ, ಹುಮನಾಬಾದಿನವರಿಗೂ ಆ ದಾರಿಯ ರೈಲು ದೊರೆಯಿತು.

ಬಸ್ಸಿಗೂ ವಿಮಾನಕ್ಕೂ ಇದೇ ವಿವೇಕವು ಸಲ್ಲುತ್ತದೆ. ಊಟದ ವೇಳೆಯಲ್ಲಿ ಆಸನವನ್ನು ನೆಟ್ಟಗಿಡಬೇಕು. ದೀಪವಾರಿಸಿದ ಮೇಲೆ ಒರಗಬಹುದು. ಆದರೆ ತಿರುಗಿ ನೋಡಿ, ಕೇಳಿ, ಮೆಲ್ಲಗೆ ಒರಗಬೇಕು. ಪೂರ್ತಿ ಒರಗಲು ಬಾರದಿದ್ದರೆ ಅರ್ಧಕ್ಕೆ ನಿಲ್ಲಿಸಬೇಕು. ಹಿಂದಿನವನು ಆಸನವನ್ನು ಮೊಣಕಾಲಿನಿಂದ ಗುದ್ದುವುದಕ್ಕೆ ಬದಲು ಬಾಯಿಂದ ಹೇಳಬೇಕು. ವಿಮಾನವು ಏರುವಾಗಲೂ ಇಳಿಯುವಾಗಲೂ ನೆಟ್ಟಗಿಡಬೇಕೆಂಬುದು ಮಾತ್ರ ಸೌಜನ್ಯದ ವಿಷಯವಲ್ಲ. ಅಪಾಯ ಒದಗಿದರೆ ಎಲ್ಲರೂ ಬೇಗನೆ ಹೊರಬರಬೇಕಾದ್ದರಿಂದ ಅದು ಕಡ್ಡಾಯವಾದ ನಿಯಮ.

ಮೇಲೆ ಹೇಳಿದ ಬಸ್ಸಿನಲ್ಲಿ ಆ ಮುದುಕರು ಹಿಡಿಯನ್ನು ಎಳೆಯುವುದಕ್ಕೆ ಮುಂಚೆ ತಿರುಗಿ, “ಯವ್ವಾ, ಸೀಟು ಜರಾ ಹಿಂದ ಮಾಡ್ಲೇನು?” ಎಂದು ಕೇಳಿದರೆಂದು ಇಟ್ಟುಕೊಳ್ಳೋಣ. “ತಡೀರಿ ಕಾಕಾ, ಕೂಸಿನ್ನ ಈ ಕಡೆ ಮಲಗಸ್ತೀನಿ” ಎಂದು ಆಕೆ ಮಗುವಿನ ತಲೆಯನ್ನು ಇನ್ನೊಂದು ತೊಡೆಗೆ ಸರಿಸಿಕೊಳ್ಳುತ್ತಾಳೆ. ಇಂಚುಗಳು ಅಷ್ಟೇ ಇವೆ. ಆದರೂ ಮುದುಕರ ಬೆನ್ನಿಗೆ ಬಿಡುವು ದೊರೆಯಿತು, ಮಗುವಿನ ನಿದ್ದೆಯೂ ಕೆಡಲಿಲ್ಲ. ನಾನಾ ಕಾಯಕದವರು ಒಂದೇ ಮಂಟಪದಲ್ಲಿ ಒಟ್ಟಿಗೆ ಕುಳಿತು ಮಾತನಾಡಿದರೆಂದು ಹನ್ನೆರಡನೆಯ ಶತಮಾನದಿಂದ ಹೆಸರಾದ ಕಲ್ಯಾಣದ ನೆಲದಿಂದ ಹೊರಟವರಿಗೆ ಇದು ಅಸಾಧ್ಯವಾದ ಆಚರಣೆಯಲ್ಲ.