ಸಿಟ್ಟು ಯಾವ ಪದರದ ಮೇಲೆ?

ಅನುವಾದ ಮಾಡಿ, ಕರಡು ತಿದ್ದಿ, ಪುಸ್ತಕದ ಪುಟ ಕಟ್ಟಿ ಬದುಕುವವರಿಗೆ ಕಂಪ್ಯೂಟರ್ ಕೈಕೊಟ್ಟರೆ ಅಂದಿನ ಕೂಲಿಯೇ ಹೋದ ಹಾಗೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ನಮ್ಮ ಮನೆಯ ಮೇಲಿನ ಕೋಣೆ ನನ್ನ ಆಫೀಸು. ಅಲ್ಲಿರುವ ಹಳೆಯ ಲ್ಯಾಪ್‌ಟಾಪಿನಲ್ಲಿ ವರ್ಷಗಳಿಂದ ಲಿನಕ್ಸೇ ಓಡುತ್ತಿದೆ. 2023ರಲ್ಲಿ, ಅದುವರೆಗೂ ನಂಬಿಕೊಂಡಿದ್ದ ಡಿಸ್ಟ್ರೊ ಸಾಕಾಗಿ ಡೆಬಿಯನ್‌ಗೆ ಬಂದೆ. ಹಳೆಯದರ ಹೆಸರು ಇಲ್ಲಿ ಬೇಡ, ಅದನ್ನು ನೆಮ್ಮದಿಯಿಂದ ಬಳಸುವವರು ಬಹಳ ಜನ ಇದ್ದಾರೆ. ಬಂದಮೇಲೆ ಕೆಲವು ತೊಂದರೆ ನೀಗಿದವು, ಕೆಲವು ನನ್ನ ಜೊತೆಗೇ ಬಂದವು. ಯಾವುದು ನೀಗುತ್ತದೆ, ಯಾವುದು ನೀಗುವುದಿಲ್ಲ ಎಂಬುದನ್ನು ಮೊದಲೇ ಬೇರ್ಪಡಿಸಿಕೊಳ್ಳಲು ಸಾಧ್ಯ. ಈ ಬರಹ ಅದರ ಬಗ್ಗೆ.

ಡಿಸ್ಟ್ರೊ ಎಂದರೆ ಒಂದೇ ವಸ್ತುವಲ್ಲ, ಹಲವು ಪದರಗಳ ಜೋಡಣೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆಯಲು ತೊಡಗಿದ್ದು ಕರ್ನಲ್ ಮಾತ್ರ. ಅದರ ಸುತ್ತ ನೂರಾರು ಸಾಫ್ಟ್‌ವೇರ್‌ಗಳನ್ನು ಹೊಂದಿಸಿ, ಪರೀಕ್ಷಿಸಿ, ಬಳಸುವವರ ಕೈಗೆ ಕೊಡುವ ಕೆಲಸವನ್ನು ಸ್ಲ್ಯಾಕ್‌ವೇರ್, ಡೆಬಿಯನ್‌ನಂಥ ಡಿಸ್ಟ್ರೊಗಳು 1993ರಲ್ಲಿ ಕೈಗೆತ್ತಿಕೊಂಡವು. ಕೆಳಗೆ ಕರ್ನಲ್ ಮತ್ತು ಫರ್ಮ್‌ವೇರ್, ಮೇಲೆ ಡೆಸ್ಕ್‌ಟಾಪ್, ಅದರ ಮೇಲೆ ನಾವು ಬಳಸುವ ಸಾಫ್ಟ್‌ವೇರ್, ಇವೆಲ್ಲವನ್ನೂ ಯಾವಾಗ, ಯಾವ ರೂಪದಲ್ಲಿ ಕೊಡಬೇಕೆಂಬ ನಿಯಮ. ಡಿಸ್ಟ್ರೊದಿಂದ ಡಿಸ್ಟ್ರೊಗೆ ನಿಜವಾಗಿ ಬೇರೆಯಾಗುವುದು ಮುಖ್ಯವಾಗಿ ಈ ಕೊನೆಯ ನಿಯಮ.

ತೊಂದರೆಯನ್ನು ವಾಕ್ಯ ಮಾಡಿ ಬರೆಯಿರಿ

ನನ್ನ ಬೇಸರ ಶುರುವಾದದ್ದು ಒಂದು ದೊಡ್ಡ ಅಪ್‌ಗ್ರೇಡ್ ಆದಮೇಲೆ. ಬ್ರೌಸರ್ ಮಾಮೂಲಿ ಪ್ಯಾಕೇಜಿನ ಬದಲು ಸ್ಯಾಂಡ್‌ಬಾಕ್ಸ್ ರೂಪದಲ್ಲಿ ಬಂತು. ತೆರೆದುಕೊಳ್ಳುವುದು ನಿಧಾನವಾಯಿತು. ಹಸ್ತಪ್ರತಿಗಳನ್ನು ಇಟ್ಟಿದ್ದ ಎರಡನೇ ಡಿಸ್ಕ್ ಅದರ ಕಣ್ಣಿಗೆ ಬೀಳಲಿಲ್ಲ, ಪ್ರತ್ಯೇಕ ಅನುಮತಿ ಕೊಡಬೇಕಾಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಆ ಬ್ರೌಸರಿನಲ್ಲಿ ಕನ್ನಡ ಮೂಡುವುದೇ ಅನಿಶ್ಚಿತವಾಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಬಳಸುವುದು ಕೆಜಿಪಿ ಕೀಲಿಮಣೆ, ‘ನುಡಿ’ ತಂತ್ರಾಂಶದಲ್ಲಿ ಕಲಿತವರಿಗೆಲ್ಲ ಬೆರಳಿಗೆ ಹತ್ತಿರುವ ವಿನ್ಯಾಸ. ‘ಹೆಬ್ಬಾಳ’ ಎಂದು ಬರೆಯಲು ಎಚ್, ಇ, ಬಿ, ಎಫ್, ಬಿ, ಶಿಫ್ಟ್ ಹಿಡಿದು ಎ, ಶಿಫ್ಟ್ ಹಿಡಿದು ಎಲ್ ಒತ್ತಬೇಕು. ಎಫ್ ಕೀಲಿ ಎರಡು ವ್ಯಂಜನಗಳನ್ನು ಬೆಸೆದು ಒತ್ತಕ್ಷರ ಮಾಡುತ್ತದೆ. ಇ ಕೀಲಿ ಪದದ ಆರಂಭದಲ್ಲಿ ‘ಎ’ ಅಕ್ಷರ ಕೊಟ್ಟರೆ ವ್ಯಂಜನದ ನಂತರ ಬರೀ ಎತ್ವ ಕೊಡುತ್ತದೆ. ಹಿಂದಿನ ಅಕ್ಷರ ನೋಡಿ ಈ ತೀರ್ಮಾನ ತೆಗೆದುಕೊಳ್ಳಲು ನಡುವೆ ಒಂದು ತಂತ್ರಾಂಶ ಬೇಕು. ಲಿನಕ್ಸಿನಲ್ಲಿ ಆ ಕೆಲಸ ಮಾಡುವುದು ಐಬಸ್ ಮತ್ತು ಅದರ ಜೊತೆಯ ಎಂ17ಎನ್. ಬ್ರೌಸರಿಗೂ ಐಬಸ್‌ಗೂ ಸಂಪರ್ಕ ತಪ್ಪಿದರೆ ಪರದೆಯ ಮೇಲೆ ಬರುವುದು ಹೆಬ್ಬಾಳವಲ್ಲ, ಒತ್ತಿದ ಕೀಲಿಗಳ ಇಂಗ್ಲಿಷ್ ಅಕ್ಷರಗಳ ಸಾಲು. ಇನ್‌ಸ್ಕ್ರಿಪ್ಟ್ ಬಳಸುವವರಿಗೆ ಈ ಕಷ್ಟ ಕಡಿಮೆ. ಅಲ್ಲಿ ಸ್ವರಕ್ಕೊಂದು ಕೀಲಿ, ಸ್ವರಚಿಹ್ನೆಗೆ ಇನ್ನೊಂದು ಇರುವುದರಿಂದ ಮಾಮೂಲಿ ಕೀಬೋರ್ಡ್ ಲೇಯೌಟ್ ಆಗಿಯೇ ಅದು ನಡೆದುಹೋಗುತ್ತದೆ.

ಆ ದಿನಗಳಲ್ಲಿ ಮನೆಗೆ ಬಂದಿದ್ದ ಅಕ್ಕನ ಮಗ, ಎಂಜಿನಿಯರಿಂಗ್ ಓದುವವನು, ನನ್ನ ದೂರುಗಳನ್ನೆಲ್ಲ ಕೇಳಿ ಒಂದು ಮಾತು ಹೇಳಿದ: “ಮಾಮ, ‘ಸರಿಯಿಲ್ಲ’ ಅಂದ್ರೆ ಏನೂ ಗೊತ್ತಾಗಲ್ಲ. ಏನು ಮಾಡ್ದಾಗ ಏನಾಗತ್ತೆ ಅಂತ ಒಂದೊಂದಾಗಿ ಬರೀರಿ.”

ಬರೆದೆ. ನಿದ್ರೆಯಿಂದ ಎದ್ದ ಲ್ಯಾಪ್‌ಟಾಪ್ ಕೆಲವೊಮ್ಮೆ ವೈಫೈ ಹಿಡಿಯುವುದಿಲ್ಲ: ಇದು ಕರ್ನಲ್ ಮತ್ತು ಫರ್ಮ್‌ವೇರ್‌ಗೆ ಸೇರಿದ್ದು, ಯಾವ ಡಿಸ್ಟ್ರೊಗೆ ಹೋದರೂ ಎದುರಾಗಬಹುದು. ಬ್ರೌಸರಿನಲ್ಲಿ ಕನ್ನಡ ಮೂಡುವುದಿಲ್ಲ: ಇದು ಎರಡು ಸಾಫ್ಟ್‌ವೇರ್‌ಗಳ ನಡುವಿನ ಕೊಂಡಿಯ ಪ್ರಶ್ನೆ. ಬ್ರೌಸರ್ ಯಾವ ರೂಪದಲ್ಲಿ ಬರಬೇಕು, ಯಾವಾಗ ಅಪ್‌ಡೇಟ್ ಆಗಬೇಕು ಎಂಬುದು ನನ್ನ ಕೈಯಲ್ಲಿಲ್ಲ: ಇದು ಮಾತ್ರ ಡಿಸ್ಟ್ರೊದ ನಿಯಮ. ಡಿಸ್ಟ್ರೊ ಬದಲಿಸಿದರೆ ಖಚಿತವಾಗಿ ಬದಲಾಗುವುದು ಈ ಮೂರನೆಯದು. ನನಗೆ ಅದೇ ದೊಡ್ಡದಾಗಿತ್ತು. ಹಾಗಾಗಿ ಬದಲಿಸುವುದೇ ಸರಿ ಎಂದು ನಿರ್ಧರಿಸಿದೆ.

ಡಿಸ್ಕ್ ಮುಟ್ಟುವ ಮೊದಲು ಪೆನ್‌ಡ್ರೈವ್

ಡೆಬಿಯನ್ 12 ಬಿಡುಗಡೆಯಾದದ್ದು 2023ರ ಜೂನ್ 10ರಂದು. ಅದರ ಹಿಂದಿನವುಗಳಲ್ಲಿ ವೈಫೈ ಕಾರ್ಡ್‌ಗಳಿಗೆ ಬೇಕಾದ ಮುಕ್ತವಲ್ಲದ ಫರ್ಮ್‌ವೇರ್ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಇರುತ್ತಿರಲಿಲ್ಲ. ಮುಕ್ತ ತಂತ್ರಾಂಶದ ತತ್ವಕ್ಕೆ ಗಟ್ಟಿಯಾಗಿ ನಿಂತ ಯೋಜನೆ ಅದು. 2022ರಲ್ಲಿ ಡೆಬಿಯನ್ ಸದಸ್ಯರು ಈ ವಿಷಯವನ್ನು ಬಹಿರಂಗ ಚರ್ಚೆಗೆ ತಂದು, ಮತ ಹಾಕಿ, ಆ ಫರ್ಮ್‌ವೇರನ್ನು ಸೇರಿಸಲು ಒಪ್ಪಿದರು. ಆ ಮತದಾನದ ಫಲ ನಮ್ಮ ಮನೆಯವರೆಗೂ ಬಂತು: ಇನ್‌ಸ್ಟಾಲ್ ಮಾಡುವಾಗ ವೈಫೈಗಾಗಿ ಬೇರೇನನ್ನೂ ಹುಡುಕಬೇಕಾಗಲಿಲ್ಲ.

ಅದಕ್ಕೂ ಮೊದಲು ಎಸ್.ಪಿ. ರೋಡಿನಿಂದ ತಂದ ಪೆನ್‌ಡ್ರೈವಿಗೆ ಡೆಬಿಯನ್ನಿನ ಲೈವ್ ಇಮೇಜ್ ಹಾಕಿ, ಚೆಕ್‌ಸಮ್ ತಾಳೆ ನೋಡಿ, ಅದರಿಂದಲೇ ಬೂಟ್ ಮಾಡಿದೆ. ಒಳಗಿನ ಡಿಸ್ಕನ್ನು ಮುಟ್ಟದೆ ಎಲ್ಲವನ್ನೂ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಡೆಸ್ಕ್‌ಟಾಪಿನ ಅಂದ ನೋಡಿ ಮುಗಿಸಬಾರದು. ವೈಫೈ ಹತ್ತುತ್ತದೆಯೇ, ಮುಚ್ಚಳ ಮುಚ್ಚಿ ತೆರೆದರೆ ಏಳುತ್ತದೆಯೇ, ಪ್ರಿಂಟರ್ ಸಿಗುತ್ತದೆಯೇ, ಎರಡನೇ ಮಾನಿಟರ್ ಬರುತ್ತದೆಯೇ, ಬರವಣಿಗೆಯ ಸಾಫ್ಟ್‌ವೇರ್ ಮತ್ತು ಬ್ರೌಸರ್ ಎರಡರಲ್ಲೂ ಕನ್ನಡ ಮೂಡುತ್ತದೆಯೇ ಎಂದು ನೋಡಬೇಕು. ದಿನನಿತ್ಯದ ಕೆಲಸವನ್ನೇ ಅಲ್ಲಿ ಒಂದಷ್ಟು ಹೊತ್ತು ಮಾಡಿದರೆ ಉತ್ತರ ತಾನಾಗಿ ಸಿಗುತ್ತದೆ.

ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು

ಬ್ಯಾಕಪ್ ಮಾಡಿ ಎಂಬ ಮಾತು ಎಲ್ಲರಿಗೂ ಗೊತ್ತು. ಏನನ್ನು ತಿರುಗಿ ಹಾಕಬಾರದು ಎಂಬುದು ಅಷ್ಟೇ ಮುಖ್ಯ. ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ಅಡಗಿದ ಫೋಲ್ಡರುಗಳಿರುತ್ತವೆ, ಡೆಸ್ಕ್‌ಟಾಪಿನ ಮತ್ತು ಸಾಫ್ಟ್‌ವೇರ್‌ಗಳ ಸೆಟ್ಟಿಂಗುಗಳೆಲ್ಲ ಅಲ್ಲಿರುತ್ತವೆ. ಡೆಬಿಯನ್ ಸ್ಟೇಬಲ್‌ನಲ್ಲಿ ಇರುವುದು ಸಾಮಾನ್ಯವಾಗಿ ತುಸು ಹಳೆಯ ಆವೃತ್ತಿ. ಹೊಸ ಆವೃತ್ತಿ ಬರೆದಿಟ್ಟ ಸೆಟ್ಟಿಂಗನ್ನು ಹಳೆಯ ಆವೃತ್ತಿ ಓದಲಾರದೆ ಹೋಗಬಹುದು. ಫೈರ್‌ಫಾಕ್ಸ್ ಅಂತೂ ತನಗಿಂತ ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು ಕಂಡರೆ, ಮಾಹಿತಿ ಕೆಡದಿರಲೆಂದು ಹೊಸ ಪ್ರೊಫೈಲ್ ಮಾಡಿಕೊಳ್ಳಲು ಹೇಳುತ್ತದೆ. ಡೆಬಿಯನ್ನಿನಲ್ಲಿ ಬರುವುದು ನಿಧಾನವಾಗಿ ಬದಲಾಗುವ ಅದರ ಇಎಸ್‌ಆರ್ ಆವೃತ್ತಿ. ಆದ್ದರಿಂದ ಬುಕ್‌ಮಾರ್ಕು, ಪಾಸ್‌ವರ್ಡುಗಳನ್ನು ಮೊದಲೇ ಎಕ್ಸ್‌ಪೋರ್ಟ್ ಮಾಡಿಕೊಳ್ಳುವುದು ಒಳ್ಳೆಯದು. ಇನ್‌ಸ್ಟಾಲ್ ಮಾಡಿಕೊಂಡಿದ್ದ ಪ್ಯಾಕೇಜುಗಳ ಪಟ್ಟಿಯನ್ನು ಟರ್ಮಿನಲ್‌ನಿಂದ ತೆಗೆದು ಇಟ್ಟುಕೊಂಡರೆ ಹೊಸ ಜಾಗದಲ್ಲಿ ಏನೇನು ಬೇಕೆಂದು ನೆನಪಿಸಿಕೊಳ್ಳುವ ಶ್ರಮ ತಪ್ಪುತ್ತದೆ.

ಕನ್ನಡದವರಿಗೆ ಇನ್ನೊಂದು ಎಚ್ಚರಿಕೆ. ಯೂನಿಕೋಡ್‌ಗೆ ಮೊದಲಿನ ನುಡಿ, ಬರಹ ಕಡತಗಳು ಆಯಾ ಫಾಂಟ್ ಇಲ್ಲದೆ ಓದಲು ಬರುವುದಿಲ್ಲ. ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತು ಇರುವ ಒಂದೆರಡು ಪುಟವನ್ನು ಕಣ್ಣಾರೆ ನೋಡಿ ಇಟ್ಟುಕೊಳ್ಳಬೇಕು. ಹೊಸ ಫಾಂಟಿಗೆ ಚಿಂತೆಯಿಲ್ಲ. ಲೋಹಿತ್ ಕನ್ನಡ, ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್ನಿನ ಭಂಡಾರದಲ್ಲೇ ಇವೆ.

ಇಷ್ಟೆಲ್ಲ ಆಗಿ ಹೊಸದಕ್ಕೆ ಬಂದಮೇಲೆ ಬ್ರೌಸರಿನಲ್ಲಿ ಕನ್ನಡ ಸರಾಗವಾಗಿ ಮೂಡಿತು. ಆದರೆ ಪುಟ ಕಟ್ಟುವ ಸಾಫ್ಟ್‌ವೇರಿನಲ್ಲಿ ಮತ್ತೆ ಅದೇ ಇಂಗ್ಲಿಷ್ ಅಕ್ಷರಗಳ ಸಾಲು. ಅದಕ್ಕೆ ಡಿಸ್ಟ್ರೊ ಕಾರಣವಲ್ಲ, ಆ ಸಾಫ್ಟ್‌ವೇರಿಗೆ ಐಬಸ್ ಎಲ್ಲಿದೆ ಎಂದು ಹೇಳುವ ಸೆಟ್ಟಿಂಗ್ ಇರಲಿಲ್ಲ, ಅಷ್ಟೆ. ಐಎಂ-ಕಾನ್ಫಿಗ್‌ನಲ್ಲಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಬಂದಾಗ ಸರಿಹೋಯಿತು. ಎರಡನೆಯ ದೂರು ಸಾಫ್ಟ್‌ವೇರ್‌ಗಳ ನಡುವಿನ ಕೊಂಡಿಗೆ ಸೇರಿದ್ದು ಎಂದು ಮೊದಲೇ ಬರೆದಿಟ್ಟುಕೊಂಡಿದ್ದರಿಂದ ಎಲ್ಲಿ ಕೈ ಹಾಕಬೇಕೆಂದು ತಿಳಿದಿತ್ತು. ಇಲ್ಲದಿದ್ದರೆ ಇದೂ ಸರಿಯಿಲ್ಲವೆಂದು ಮೂರನೆಯ ಡಿಸ್ಟ್ರೊ ಹುಡುಕುವ ಮನಸ್ಸಾಗುತ್ತಿತ್ತು. ಹಾಗೆ ಒಂದರಿಂದ ಒಂದಕ್ಕೆ ಹಾರುತ್ತಲೇ ಇರುವವರನ್ನು ನಾನು ಬಲ್ಲೆ.

ಮಾತು ಯಾರದು, ಎಷ್ಟು ಕಾಲದ್ದು

ಡಿಸ್ಟ್ರೊ ಆರಿಸುವಾಗ ನಾನೀಗ ಮೊದಲು ನೋಡುವುದು ಅದು ಕೊಡುವ ಮಾತನ್ನು. ಎಷ್ಟು ವರ್ಷ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ? ಆ ಮಾತನ್ನು ಬದಲಿಸುವ ಅಧಿಕಾರ ಯಾರಿಗಿದೆ? ಡೆಬಿಯನ್ ಹೆಚ್ಚುಕಡಿಮೆ ಎರಡು ವರ್ಷಕ್ಕೊಂದು ಸ್ಟೇಬಲ್ ಆವೃತ್ತಿ ತರುತ್ತದೆ. ಮೂರು ವರ್ಷ ಪೂರ್ಣ ಬೆಂಬಲ, ಆಮೇಲೆ ಎರಡು ವರ್ಷ ದೀರ್ಘಾವಧಿ ಬೆಂಬಲ. ಅಷ್ಟು ಕಾಲ ಸಾಫ್ಟ್‌ವೇರ್‌ಗಳ ಆವೃತ್ತಿ ಬಹುತೇಕ ಅಲ್ಲೇ ನಿಂತಿರುತ್ತದೆ. ಲಿಬ್ರೆಆಫೀಸಿನ ಹೊಸ ಸೌಲಭ್ಯಗಳು ಬೇಗ ಬೇಕೆನ್ನುವವರಿಗೆ ಇದು ಹೊಂದುವುದಿಲ್ಲ. ಪುಸ್ತಕದ ನಡುವೆ ಪುಟಗಳು ಅಲುಗಾಡಬಾರದು ಎನ್ನುವ ನನಗೆ ಇದೇ ಬೇಕಿತ್ತು.

ಈ ಪ್ರಶ್ನೆ ಮನೆಯ ಲ್ಯಾಪ್‌ಟಾಪಿಗೆ ಮಾತ್ರ ಸೇರಿದ್ದಲ್ಲ. ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಅಡಿ ‘ಪರಮ್ ಯುಕ್ತಿ’ ಇದೆ. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಇರುವುದೆಲ್ಲ ಲಿನಕ್ಸ್ ಯಂತ್ರಗಳೇ. ಇಂಥ ಯಂತ್ರ ನೋಡಿಕೊಳ್ಳುವವರಿಗೆ ಬೆಂಬಲದ ಅವಧಿಯೇ ಮೊದಲ ಲೆಕ್ಕ. ಕಂಪನಿಯೊಂದರ ಬೆನ್ನಿದ್ದ ಸೆಂಟ್‌ಒಎಸ್ ಎಂಬ ಡಿಸ್ಟ್ರೊದ 8ನೇ ಆವೃತ್ತಿಗೆ 2029ರವರೆಗೆ ಬೆಂಬಲವಿದೆ ಎಂದು ಎಲ್ಲರೂ ನಂಬಿದ್ದರು. 2021ರ ಕೊನೆಗೇ ಅದು ಮುಗಿಯುತ್ತದೆ ಎಂಬ ಪ್ರಕಟಣೆ 2020ರ ಡಿಸೆಂಬರ್‌ನಲ್ಲಿ ಬಂತು. ಆ ಜಾಗ ತುಂಬಲು 2021ರಲ್ಲಿ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಬಂದವು. ಕಂಪನಿಯ ಬೆನ್ನಿರುವ ಡಿಸ್ಟ್ರೊಗಳೆಲ್ಲ ಹೀಗೆಂದಲ್ಲ, ಹಣ ಮತ್ತು ಎಂಜಿನಿಯರುಗಳ ಬಲ ಅವುಗಳಿಗಿದೆ. ಡೆಬಿಯನ್‌ಗೆ ಒಡೆಯ ಕಂಪನಿ ಇಲ್ಲ. 1997ರಲ್ಲಿ ಒಪ್ಪಿಕೊಂಡ ಸಾಮಾಜಿಕ ಒಪ್ಪಂದವಿದೆ, ಸಂವಿಧಾನವಿದೆ, ಪ್ರತಿವರ್ಷ ಚುನಾಯಿತರಾಗುವ ನಾಯಕರಿದ್ದಾರೆ. ಎರಡರಲ್ಲಿ ಯಾವುದನ್ನು ನಂಬಬೇಕೆಂದು ತಿಳಿದೇ ಆರಿಸಬೇಕು.

2025ರ ಆಗಸ್ಟ್ 9ರಂದು ಡೆಬಿಯನ್ 13 ಬಂತು. ಬಿಡುಗಡೆಯ ಟಿಪ್ಪಣಿ ಓದಿ, ಬ್ಯಾಕಪ್ ಮಾಡಿ, ಭಂಡಾರದ ಹೆಸರನ್ನು 12ರ ‘ಬುಕ್‌ವರ್ಮ್‌’ನಿಂದ 13ರ ‘ಟ್ರಿಕ್ಸಿ’ಗೆ ಬದಲಿಸಿ, ಇದ್ದ ಜಾಗದಲ್ಲೇ ಅಪ್‌ಗ್ರೇಡ್ ಮಾಡಿಕೊಂಡೆ. ಕನ್ನಡ ಕೀಲಿಮಣೆ ಇದ್ದಂತೆಯೇ ಇತ್ತು. ಅದೇ ವರ್ಷ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿದಾಗ ಅಕ್ಕಪಕ್ಕದವರು “ಸಾರ್, ಯಾವ ಲಿನಕ್ಸ್ ಹಾಕ್ಕೊಳ್ಳೋದು?” ಎಂದು ಕೇಳಲು ಬಂದರು. ನಾನು ಬಳಸುವುದನ್ನೇ ಹಾಕಿಕೊಳ್ಳಿ ಎನ್ನಲಿಲ್ಲ. ದಿನಾ ಏನು ಕೆಲಸ ಮಾಡುತ್ತೀರಿ, ಪ್ರಿಂಟರ್ ಯಾವುದು, ತೊಂದರೆಯಾದರೆ ಹತ್ತಿರದಲ್ಲಿ ಯಾರನ್ನು ಕೇಳುತ್ತೀರಿ ಎಂದು ಕೇಳಿದೆ. ನೆರವಿಗೆ ಬರುವ ಸ್ನೇಹಿತ ಬೇರೆ ಡಿಸ್ಟ್ರೊ ಬಳಸುತ್ತಿದ್ದರೆ ಅದನ್ನೇ ಹಾಕಿಕೊಳ್ಳುವುದು ಜಾಣತನ. ಬೆಂಗಳೂರಿನಲ್ಲಿ ಲಿನಕ್ಸ್ ಬೆಳೆದದ್ದೂ ಹೀಗೆ ಒಬ್ಬರನ್ನೊಬ್ಬರು ಕೇಳಿಕೊಂಡೇ. 2001ರಲ್ಲಿ ಶುರುವಾದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಮುಂದೆ ‘ಫಾಸ್.ಇನ್’ ಎಂಬ ಹೆಸರಿನಲ್ಲಿ 2012ರವರೆಗೂ ನಡೆದದ್ದು ಆ ಬಲದಿಂದಲೇ.

ಕೊನೆಯದಾಗಿ ಒಂದು ಮಾತು, ನನಗೆ ಬಹಳ ಮುಖ್ಯವೆನಿಸಿದ್ದು. ಹಳೆಯ ಡಿಸ್ಟ್ರೊ ಬಿಟ್ಟಮೇಲೂ ಅದಕ್ಕೆ ಒಂದು ಬಗ್ ರಿಪೋರ್ಟ್ ಬರೆದೆ: ಇಂಥ ಬ್ರೌಸರ್, ಇಂಥ ಆವೃತ್ತಿ, ಕೆಜಿಪಿ ಕೀಲಿಮಣೆ, ಈ ಕೀಲಿಗಳನ್ನು ಒತ್ತಿದರೆ ಬರಬೇಕಾದದ್ದು ಇದು, ಬರುತ್ತಿರುವುದು ಇದು. ಕನ್ನಡ ಟೈಪ್ ಮಾಡದ ಎಂಜಿನಿಯರಿಗೆ ಈ ತೊಂದರೆ ಎಂದೂ ಕಾಣಿಸುವುದಿಲ್ಲ, ಅವರಿಗೆ ತೋರಿಸಬೇಕಾದವರು ನಾವೇ. ಸಿಟ್ಟಾಗಿ ಸದ್ದಿಲ್ಲದೆ ಬಿಟ್ಟುಹೋದರೆ ನಮ್ಮ ಕಷ್ಟ ಮುಗಿಯಬಹುದು, ಮುಂದೆ ಅಲ್ಲಿಗೆ ಬರುವ ಕನ್ನಡಿಗರ ಕಷ್ಟ ಹಾಗೇ ಉಳಿಯುತ್ತದೆ. ಡಿಸ್ಟ್ರೊ ಬದಲಿಸುವ ಸ್ವಾತಂತ್ರ್ಯ ಲಿನಕ್ಸ್ ನಮಗೆ ಕೊಟ್ಟಿದೆ, ತೊಂದರೆಯನ್ನು ಸಾಫ್ಟ್‌ವೇರ್ ಬರೆದವರಿಗೇ ನೇರವಾಗಿ ಹೇಳುವ ಹಕ್ಕನ್ನೂ ಕೊಟ್ಟಿದೆ. ಬಿಡುವವರು ಧಾರಾಳವಾಗಿ ಬಿಡಲಿ, ಆದರೆ ದೂರು ಬರೆದಿಟ್ಟು ಬಿಡಲಿ.