ಕಿರುಗೂಬೆಯ ಸುಳ್ಳು ಚೀಟಿ: ದಾಖಲೆಯ ಬೆಲೆ ಕಲಿಸುವ ಪತ್ತೇದಾರಿ ಪಾಠ

ತರಗತಿ: 9. ವಿಷಯ: ವಿಜ್ಞಾನ. ಅವಧಿ: 40 ನಿಮಿಷ.

ಕಲಿಕಾ ಫಲ: ವೀಕ್ಷಣೆ ಮತ್ತು ಊಹೆಗಳ ವ್ಯತ್ಯಾಸ ಗುರುತಿಸುವರು, ದಾಖಲೆಯನ್ನು ಬೇರೆ ಸಾಕ್ಷ್ಯಗಳೊಡನೆ ತಾಳೆ ನೋಡುವರು, ಕಂಡ ಅಳತೆಯನ್ನೇ ಬರೆಯುವರು.

ಪತ್ತೇದಾರಿ ಕಾದಂಬರಿಯಲ್ಲಿ ಶವ, ಸುಳಿವು, ಶಂಕಿತ ಮೂರೂ ಇರುತ್ತವೆ. ಪಕ್ಷಿಶಾಸ್ತ್ರದಲ್ಲಿ ನಿಜವಾಗಿ ನಡೆದ ಒಂದು ಪ್ರಕರಣದಲ್ಲೂ ಈ ಮೂರೂ ಇವೆ. ಅದನ್ನು ನಾಲ್ಕು ಸುಳಿವು ಕಾರ್ಡುಗಳಾಗಿ ಮಾಡಿಕೊಂಡು ಈ ಪಾಠ ಬೋಧಿಸಿದೆ. ಗುಂಪಿಗೆ ಐದು ಮಕ್ಕಳು. ಕಪ್ಪುಹಲಗೆಯ ಮೇಲೆ ಎರಡು ಕಲಮು: ‘ಕಂಡದ್ದು’, ‘ಊಹಿಸಿದ್ದು’.

ಕಾರ್ಡು 1: ಫಾರೆಸ್ಟ್ ಔಲೆಟ್ ಮಧ್ಯಭಾರತದ ಕಿರುಗೂಬೆ. ಬ್ರಿಟಿಷ್ ಸೇನಾಧಿಕಾರಿ, ಪಕ್ಷಿತಜ್ಞ ರಿಚರ್ಡ್ ಮೈನರ್ಟ್‌ಜಾಗನ್‌ರ ಸಂಗ್ರಹದಲ್ಲಿ ಇದರ ಒಂದು ಮಾದರಿ ಇದೆ. ಅದರ ಚೀಟಿಯ ಪ್ರಕಾರ ಹಕ್ಕಿ ಸಿಕ್ಕಿದ್ದು 1914ರಲ್ಲಿ, ಗುಜರಾತಿನ ಮಾಂಡ್ವಿಯಲ್ಲಿ.

ಕಾರ್ಡು 2: ಉಳಿದ ಮಾದರಿಗಳೆಲ್ಲ 19ನೆಯ ಶತಮಾನದವು, ಕೊನೆಯದು 1884ರದು. ನಂತರ ಹುಡುಕಿದವರಿಗೆ ಹಕ್ಕಿ ಸಿಗಲಿಲ್ಲ. ಅಳಿದೇ ಹೋಯಿತೆಂದು ಹಲವರು ನಂಬಿದರು.

ಕಾರ್ಡು 3: ಅಮೆರಿಕದ ಪಮೇಲಾ ರಾಸ್ಮುಸೆನ್ ಮತ್ತು ಬ್ರಿಟನ್ನಿನ ನೈಜೆಲ್ ಕಾಲರ್ 1914ರ ಮಾದರಿಯನ್ನು ಎಕ್ಸ್‌-ರೇ ಮೂಲಕವೂ ಪರೀಕ್ಷಿಸಿದರು. ಒಮ್ಮೆ ಸಿದ್ಧಪಡಿಸಿದ್ದ ಚರ್ಮವನ್ನು ಬಿಚ್ಚಿ, ಮತ್ತೆ ಹೊಸದಾಗಿ ಸಿದ್ಧಪಡಿಸಲಾಗಿತ್ತು. ಉಳಿದಿದ್ದ ಹಳೆಯ ಗುರುತುಗಳು 1880ರ ದಶಕದಲ್ಲಿ ಖಾನ್‌ದೇಶದಲ್ಲಿ ಹಕ್ಕಿ ಸಂಗ್ರಹಿಸಿದ ಜೇಮ್ಸ್ ಡೇವಿಡ್‌ಸನ್‌ರ ಕೆಲಸಕ್ಕೆ ಹೊಂದಿದವು. ಅದು ಲಂಡನ್ನಿನ ವಸ್ತುಸಂಗ್ರಹಾಲಯದಿಂದ ಕದ್ದ ಮಾದರಿ!

ಕಾರ್ಡು 4: ಮಾಂಡ್ವಿಯನ್ನು ಕೈಬಿಟ್ಟು, ಹಳೆಯ ನೈಜ ಮಾದರಿಗಳು ಸಿಕ್ಕ ಸ್ಥಳಗಳಲ್ಲಿ ಹುಡುಕಿದಾಗ, 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಜೀವಂತ ಹಕ್ಕಿ ಕಂಡಿತು, 113 ವರ್ಷಗಳ ಬಳಿಕ!

ಕಾರ್ಡುಗಳನ್ನು ಇದೇ ಕ್ರಮದಲ್ಲಿ, ಒಂದೊಂದಾಗಿ ಕೊಡಬೇಕು. ಮೊದಲ ಕಾರ್ಡು ಓದಿದ ಎಲ್ಲ ಗುಂಪುಗಳೂ ‘1914, ಮಾಂಡ್ವಿ’ ಎಂಬುದನ್ನು ‘ಕಂಡದ್ದು’ ಕಲಮಿನಲ್ಲೇ ಬರೆದವು. ಮೂರನೆಯದು ಬಂದ ಮೇಲೆ ತಾವೇ ಎದ್ದು ಬಂದು ಅಳಿಸಿದವು. ಆಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಸರ್, ಚೀಟಿ ಸುಳ್ಳಾದರೆ ಹಕ್ಕಿಯೂ ಸುಳ್ಳೇ?” ಪ್ರಶ್ನೆಯನ್ನು ತರಗತಿಗೇ ಬಿಟ್ಟೆ. ಹಕ್ಕಿ ನಿಜ, ಸ್ಥಳ ಮತ್ತು ವರ್ಷ ಸುಳ್ಳು ಎಂಬ ಉತ್ತರವನ್ನು ಮಕ್ಕಳೇ ಕಂಡುಕೊಂಡರು. ಕಳ್ಳತನಕ್ಕಿಂತ ದೊಡ್ಡ ನಷ್ಟ ಯಾವುದು ಎಂಬ ನನ್ನ ಮುಂದಿನ ಪ್ರಶ್ನೆಗೆ ಹಿಂದಿನ ಬೆಂಚಿನಿಂದ ಉತ್ತರ ಬಂತು: “ಹುಡುಕುವವರು ದಾರಿ ತಪ್ಪಿದ್ದು.”

ಅನ್ವಯ: ಇದೇ ತರಗತಿಯ ನೀರು ಕುದಿಸುವ ಪ್ರಯೋಗ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾಯುಒತ್ತಡ ಕಡಿಮೆಯಿರುವುದರಿಂದ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಆದರೂ ದಾಖಲೆ ಪುಸ್ತಕಗಳಲ್ಲಿ 100 ಎಂದೇ ಇರುತ್ತದೆ, ಅಂಕವೂ ಸಿಗುತ್ತದೆ. ಆ 100 ಕೂಡ ಮಾಂಡ್ವಿಯ ಚೀಟಿಯಂಥದೇ. ಕಂಡ 97ನ್ನು ಬರೆದ ಮಗುವಿಗೆ ‘ಯಾಕೆ ಕಡಿಮೆ?’ ಎಂಬ ಪ್ರಶ್ನೆ ಹುಟ್ಟುತ್ತದೆ. ವಾಯುಒತ್ತಡದ ಪಾಠ ಅಲ್ಲಿಂದಲೇ ತೊಡಗಬಹುದು.

ಮೌಲ್ಯಮಾಪನ: ಶಾಲೆಯ ಆವರಣದಲ್ಲಿ ಹತ್ತು ನಿಮಿಷ ಒಂದು ಹಕ್ಕಿಯನ್ನು ಗಮನಿಸಿ ದಿನಾಂಕ, ಸಮಯ, ಸ್ಥಳ, ಕಂಡ ಲಕ್ಷಣ ಬರೆಯುವುದು. ಹೆಸರು ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದೇ ಬರೆಯಬೇಕು. ಅದಕ್ಕೆ ಅಂಕ ಕಳೆಯಬಾರದು. ಸಹಪ್ರಶಿಕ್ಷಣಾರ್ಥಿಗಳು ಈ ಪಾಠ ಮಾಡುವುದಾದರೆ ಈ ನಿಯಮವನ್ನು ಮಾತ್ರ ಬಿಡಬೇಡಿ. ಅಂಕದ ಭಯವಿರುವಲ್ಲಿ ಸುಳ್ಳು ಚೀಟಿ ಹುಟ್ಟುತ್ತದೆ.