ಅನಿರೀಕ್ಷಿತ ಧನವೂ ದಾಸೋಹಭಾವವೂ

ಕಾಯಕದಿಂದ ಮೆಲ್ಲಮೆಲ್ಲನೆ ಬರುವ ಧನಕ್ಕೆ ವ್ಯಯದ ಕ್ರಮವೂ ಜೊತೆಯಲ್ಲಿಯೇ ರೂಢಿಯಾಗುವುದು. ಒಮ್ಮೆಲೇ ಬಂದ ಧನಕ್ಕೆ ಅಂತಹ ರೂಢಿಯಿಲ್ಲ. ಆದುದರಿಂದ ಅದು ಸದ್ಗೃಹಸ್ಥನ ಮನಸ್ಸನ್ನು ಕದಡುವುದು. ಒಡಹುಟ್ಟಿದವರ ನಡುವೆ ಮಾತು ನಿಲ್ಲಿಸುವುದು.

ಬೆಂಗಳೂರಿನ ಉತ್ತರ ಭಾಗದ ಭಕ್ತ ಕುಟುಂಬಗಳಿಗೆ ಇದು ಹೊಸ ವಿಷಯವಲ್ಲ. ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನನಿಲ್ದಾಣವು 2008ನೆಯ ಇಸವಿಯ ಮೇ ತಿಂಗಳಲ್ಲಿ ಆರಂಭವಾಯಿತು. ಹೆಬ್ಬಾಳದಿಂದ ಯಲಹಂಕದ ಮೂಲಕ ಅಲ್ಲಿಗೆ ಹೋಗುವ ಹೆದ್ದಾರಿಯ ಆಸುಪಾಸಿನಲ್ಲಿ ರಾಗಿ, ದ್ರಾಕ್ಷಿ ಬೆಳೆಯುತ್ತಿದ್ದ ಎಷ್ಟೋ ಹೊಲತೋಟಗಳು ನಿವೇಶನಗಳಾದುವು. ಕೆಲವರ ಭೂಮಿ ಮಾರಾಟವಾಯಿತು. ಕೆಲವರ ಭೂಮಿ ಸರಕಾರದ ಸ್ವಾಧೀನಕ್ಕೆ ಹೋಗಿ ಪರಿಹಾರಧನ ಬಂದಿತು. ಅಂತಹ ಮನೆಗೆ ಬಂಧುಗಳು ಒಬ್ಬೊಬ್ಬರಾಗಿ ಬರುತ್ತಾರೆ. ಅಳಿಯನಿಗೆ ಅಂಗಡಿಯ ಬಂಡವಾಳ ಬೇಕು, ಷಡ್ಡಕನಿಗೆ ಮನೆ ಕಟ್ಟಲು ಕೈಗಡ ಬೇಕು, ತಮ್ಮನ ಮಗನಿಗೆ ಕಾಲೇಜಿನ ಶುಲ್ಕ ಬೇಕು. ಇಲ್ಲವೆಂದರೆ ಲೋಭಿಯೆಂಬ ನಿಂದೆ. ಎಲ್ಲರಿಗೂ ಹೌದೆಂದರೆ ಮನೆ ಬರಿದು. ಗೃಹಸ್ಥನು ಏನು ಮಾಡಬೇಕು?

ಇದಕ್ಕೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಶರಣ ದಂಪತಿಗಳ ಚರಿತ್ರೆಯಲ್ಲಿ ಉತ್ತರವಿದೆ. ಇವರು ಈಗಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಇವರ ಕಾಯಕ. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದರು. ‘ಎಷ್ಟು ಬಂದಿತು?’ ಎಂಬುದು ಲೋಕದ ಪ್ರಶ್ನೆ; ‘ಇದು ಯಾರದು?’ ಎಂಬುದು ಶರಣೆಯ ಪ್ರಶ್ನೆ.

ಈ ಪ್ರಶ್ನೆಯನ್ನು ಕೇಳಿಕೊಂಡ ಗೃಹಸ್ಥನಿಗೆ ಬಂದ ಧನವು ನಾಲ್ಕು ಭಾಗವಾಗಿ ತೋರುವುದು.

ಮೊದಲನೆಯದು ಪಾಲು. ಭೂಮಿ ಪಿತ್ರಾರ್ಜಿತವಾದರೆ ಅದರ ಹಣದಲ್ಲಿ ಒಡಹುಟ್ಟಿದವಳಿಗೂ ಹಕ್ಕುಂಟು. 1956ರ ಹಿಂದೂ ಉತ್ತರಾಧಿಕಾರ ಕಾನೂನು ವೀರಶೈವರಿಗೂ ಲಿಂಗಾಯತರಿಗೂ ಅನ್ವಯಿಸುವುದೆಂದು ಹೆಸರಿಸಿಯೇ ಹೇಳಿದೆ. 2005ನೆಯ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯು ಮಗಳಿಗೆ ಮಗನ ಸಮಾನವಾದ ಪಾಲನ್ನು ಕೊಟ್ಟಿತು. ಆ ದಿನ ತಂದೆ ಬದುಕಿರಲಿಲ್ಲವೆಂಬ ಕಾರಣದಿಂದ ಈ ಹಕ್ಕು ತಪ್ಪದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ನಿರ್ಣಯಿಸಿತು. 2004ನೆಯ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ವಿಭಾಗವಾಗಿದ್ದರೆ ಆ ವಿಭಾಗವು ಕದಲದು. ಹೀಗಿರುವಲ್ಲಿ ತಂಗಿಗೆ ಒಂದು ಸೀರೆ, ಅರಿಸಿನ ಕುಂಕುಮ ಕೊಟ್ಟು ಸಹಿ ಹಾಕಿಸಿಕೊಳ್ಳುವುದು ಔದಾರ್ಯವಲ್ಲ. ಅವಳು ಬಾಗಿಲಿಗೆ ಬಂದು ಬೇಡುವವಳಲ್ಲ, ಪಾಲುಗಾರಳು. ಅವಳದನ್ನು ಕೇಳುವ ಮೊದಲೇ ಎಣಿಸಿ ಒಪ್ಪಿಸುವುದು ಧರ್ಮ.

ಎರಡನೆಯದು ಋಣ. ಮಳೆ ತಪ್ಪಿದ ವರ್ಷ ಪತ್ರವಿಲ್ಲದೆ ನೆರವಾದವನ ಸಾಲ ಮೊದಲು ತೀರಬೇಕು. ಅವನು ಮರೆತಿದ್ದರೂ ಪಡೆದವನು ಮರೆಯಬಾರದು.

ಮೂರನೆಯದು ಬೀಜ. ಪರಿಹಾರಧನವು ಲಾಭವಲ್ಲ, ಅನ್ನ ಕೊಡುತ್ತಿದ್ದ ಭೂಮಿಯೇ ರೂಪ ಬದಲಿಸಿ ಬಂದಿದೆ. ಬಿತ್ತನೆಯ ಕಾಳನ್ನು ಕುಟ್ಟಿ ಉಣ್ಣುವ ಒಕ್ಕಲಿಗನಿಲ್ಲ. ಮುಂದಿನ ಕಾಯಕಕ್ಕೂ ಮಕ್ಕಳ ವಿದ್ಯೆಗೂ ಮುಪ್ಪಿಗೂ ಬೇಕಾದುದನ್ನು ತೆಗೆದಿಡುವುದು ಲೋಭವೆನಿಸದು.

ಇವು ಮೂರೂ ಸಂದ ಬಳಿಕ ಉಳಿಯುವುದು ದಾಸೋಹದ ಭಾಗ. ‘ದಾಸಃ ಅಹಮ್’ ಎಂಬೆರಡು ಪದಗಳು ಸೇರಿ ‘ದಾಸೋಹಂ’ ಆಯಿತು. ‘ನಾನು ದಾಸನು’ ಎಂದರ್ಥ. ದಾನದಲ್ಲಿ ‘ನಾನು ಕೊಟ್ಟೆ’ ಎಂಬ ಅಹಂಕಾರ ಸುಳಿಯಬಹುದು; ದಾಸೋಹದಲ್ಲಿ ಅದಕ್ಕೆ ಎಡೆಯಿಲ್ಲ. ಬಂಧುವಿನ ಮಗುವಿನ ಶುಲ್ಕವನ್ನೋ ರೋಗಿಯ ಔಷಧದ ವೆಚ್ಚವನ್ನೋ ಕೊಟ್ಟಮೇಲೆ ಮದುವೆಯ ಪಂಕ್ತಿಯಲ್ಲಿ ಅದನ್ನು ಆಡಿ ತೋರಿಸಲಾಗದು. ಹಿಂದಿರುಗಿ ಬಾರದೆಂದು ತಿಳಿದ ಹಣವನ್ನು ಸಾಲವೆಂದು ಹೆಸರಿಟ್ಟು ಕೊಡಬಾರದು. ಆ ಹೆಸರೇ ಮುಂದೆ ವೈರಕ್ಕೆ ಮೂಲ. ನಿಜವಾಗಿ ಸಾಲವಾದರೆ ಪತ್ರ ಬರೆಯಿಸಿ, ತೀರಿಸುವ ದಿನವನ್ನು ನಿಶ್ಚಯಿಸಿಕೊಳ್ಳಬೇಕು. ಪತ್ರವು ಅವಿಶ್ವಾಸದ ಗುರುತಲ್ಲ, ಸ್ನೇಹದ ಬೇಲಿ.

ಕೊಡಲಾಗದ ಬೇಡಿಕೆಗೆ ‘ಹಣವಿಲ್ಲ’ ಎಂದು ಸುಳ್ಳಾಡುವ ಅಗತ್ಯವಿಲ್ಲ. ‘ಅಣ್ಣಾ, ಇದ್ದುದು ಇಂತಿಂತಹುದಕ್ಕೆ ಮೀಸಲಾಗಿದೆ, ನಿಮ್ಮ ವ್ಯಾಪಾರಕ್ಕೆ ತೊಡಗಿಸಲಾರೆ’ ಎಂಬ ನೇರವೂ ಮೃದುವೂ ಆದ ಮಾತು ಆ ದಿನ ನೋಯಿಸಿದರೂ ಸಂಬಂಧವನ್ನು ಉಳಿಸುವುದು. ಈ ನಿರ್ಣಯವು ಪತಿಪತ್ನಿಯರು ಕೂಡಿ ಮಾಡತಕ್ಕದ್ದು. ಕಲ್ಯಾಣದ ಆ ಗುಡಿಸಲಿನಲ್ಲಿ ಮಿತಿಯನ್ನು ಹೇಳಿದವರು ಪತ್ನಿಯೇ ಎಂಬುದನ್ನು ಮರೆಯಬಾರದು.

ಬೇಡುವವರಿಗೂ ಇದೇ ನಿಯಮ. ಕಾಯಕ ಮಾಡುವ ಕೈಯಿರುವಾಗ ಬಂಧುವಿನ ಗಂಟನ್ನು ನೋಡಿ ಕೊರತೆಯನ್ನು ಹೆಚ್ಚಿಸಿಕೊಳ್ಳುವುದು ತಂದ ಹೆಚ್ಚಿನ ಅಕ್ಕಿಗೆ ಸಮಾನ. ಕೊಡುವವನೂ ಬೇಡುವವನೂ ‘ಇದು ಯಾರದು?’ ಎಂಬ ಪ್ರಶ್ನೆಯನ್ನು ಮೊದಲು ತಮಗೆ ತಾವೇ ಹಾಕಿಕೊಂಡರೆ ಭೂಮಿ ಹೋದರೂ ಬಂಧುತ್ವವು ಹೋಗದು.